ನಂಬಿಕೆ ಕೇಳಿದರು, ಮತ ಕೇಳಲಿಲ್ಲ

ಅಧಿಕಾರದಲ್ಲಿರುವವನು ಬಂದು ‘ನನ್ನನ್ನು ನಂಬಿ’ ಎಂದರೆ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಇಬ್ಬರು ಜೊತೆಯಾಗಿ ಬಂದು ಹಾಗೆಂದರೆ ಮನೆಯ ಪತ್ರವನ್ನೂ ತೆಗೆದು ನೋಡಬೇಕು.

ಹಾಂಗ್‌ಕಾಂಗ್‌ನವರ ಬಾಗಿಲಿಗೆ ಇಬ್ಬರು ಬಂದಿದ್ದರು. ಒಬ್ಬ ಲಂಡನ್‌ನವನು, ಹೊರಡುವ ಯಜಮಾನ. ಇನ್ನೊಬ್ಬ ಬೀಜಿಂಗ್‌ನವನು, ಬರುವ ಯಜಮಾನ. 1997ರ ಜುಲೈ 1ರಂದು ಊರು ಕೈ ಬದಲಾಯಿಸುವ ಮೊದಲು ವರ್ಷಗಟ್ಟಲೆ ಇಬ್ಬರೂ ಬೇಡಿದ್ದು ಒಂದನ್ನೇ: ಜನರ ನಂಬಿಕೆ. ಮತ ಕೇಳಿದರೆ ಉತ್ತರವನ್ನು ಎಣಿಸಬೇಕಾಗುತ್ತದೆ. ನಂಬಿಕೆಗೆ ಆ ರಗಳೆ ಇಲ್ಲ. ಜನರಿಗೆ ನಮ್ಮ ಮೇಲೆ ನಂಬಿಕೆ ಇದೆ ಎಂದು ತಾವೇ ಸಾರಿಕೊಂಡರಾಯಿತು.

ಸಾರಿಕೊಂಡರು ಕೂಡ.

ಮೊದಲು ಆಸ್ತಿ ಬಂದ ದಾರಿ ನೋಡಿ. ಪಟ್ನಾ ಮತ್ತು ಮಾಳ್ವದ ಕಡೆ ಬೆಳೆದ ಅಫೀಮನ್ನು ಬ್ರಿಟಿಷ್ ವರ್ತಕರು ಚೀನೀಯರಿಗೆ ಮಾರುತ್ತಿದ್ದರು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಷು ಅದನ್ನು ವಶಪಡಿಸಿಕೊಂಡು ನಾಶ ಮಾಡಿದ. ವಿಷ ಮಾರುವ ಹಕ್ಕಿಗೆ ಧಕ್ಕೆ ಬಂತಲ್ಲ, ಬ್ರಿಟನ್ ಯುದ್ಧಕ್ಕೆ ಇಳಿಯಿತು. 1842ರಲ್ಲಿ ಹಾಂಗ್‌ಕಾಂಗ್ ದ್ವೀಪ ಕೈಗೆ ಬಂತು. ಇನ್ನೊಂದು ಅಫೀಮು ಯುದ್ಧವಾಗಿ 1860ರಲ್ಲಿ ಕೌಲೂನ್ ಬಂತು. 1898ರಲ್ಲಿ ನ್ಯೂ ಟೆರಿಟರೀಸ್ ಎಂಬ ದೊಡ್ಡ ಭಾಗವನ್ನು 99 ವರ್ಷದ ಗುತ್ತಿಗೆಗೆ ಬರೆಸಿಕೊಂಡರು. ಬಾಡಿಗೆ ಒಂದು ಕಾಸೂ ಇಲ್ಲ. ಹಾಂಗ್‌ಕಾಂಗ್‌ನ ನೆಲದಲ್ಲಿ ಶೇ 85ಕ್ಕೂ ಹೆಚ್ಚು ಪಾಲು ಈ ಗುತ್ತಿಗೆಯದೇ. ಗಡುವು ಮುಗಿಯುವ ದಿನ 1997ರ ಜೂನ್ 30.

ಹೀಗೆ ಗಳಿಸಿದ ಊರನ್ನು ಆಳಲು ಒಬ್ಬರ ಹಿಂದೆ ಒಬ್ಬರಂತೆ 28 ಗವರ್ನರ್‌ಗಳು ಹಡಗು ಹತ್ತಿ, ಕೊನೆಗೆ ವಿಮಾನ ಹತ್ತಿ ಬಂದರು. ಒಬ್ಬರನ್ನೂ ಊರಿನವರು ಆರಿಸಲಿಲ್ಲ. ಪಾರ್ಲಿಮೆಂಟುಗಳ ತಾಯಿ ಎಂದು ಬೀಗುವ ಲಂಡನ್ನಿಗೆ ಇದರಲ್ಲಿ ಒಂದು ಶತಮಾನ ದಾಟಿದರೂ ತಪ್ಪು ಕಾಣಲಿಲ್ಲ.

ಗಡುವು ಹತ್ತಿರವಾದಂತೆ ಬ್ಯಾಂಕುಗಳು ಚಡಪಡಿಸಿದವು. 1997 ದಾಟುವ ಜಮೀನಿಗೆ ಸಾಲ ಕೊಡುವುದು ಹೇಗೆ? 1979ರ ಮಾರ್ಚ್‌ನಲ್ಲಿ ಗವರ್ನರ್ ಮರ್ರೆ ಮೆಕ್‌ಲೆಹೋಸ್ ಬೀಜಿಂಗ್‌ಗೆ ಹೋದರು. ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್ ಎರಡು ಮಾತು ಹೇಳಿದರು. ಒಂದು, ಹಾಂಗ್‌ಕಾಂಗನ್ನು ಚೀನಾ ವಾಪಸು ಪಡೆಯುತ್ತದೆ. ಎರಡು, ಹೂಡಿಕೆದಾರರು ನಿಶ್ಚಿಂತೆಯಿಂದ ಇರಲಿ. ಗವರ್ನರ್ ಹಿಂದಿರುಗಿ ಜನರಿಗೆ ಎರಡನೆಯದನ್ನು ಮಾತ್ರ ಹೇಳಿದರು.

ಅರ್ಧ ಸುದ್ದಿ, ಪೂರ್ತಿ ಸಮಾಧಾನ.

ನಿಶ್ಚಿಂತೆ ಯಾರಿಗೆ ಮಂಜೂರಾಯಿತು ನೋಡಿ. ಹೂಡಿಕೆದಾರರಿಗೆ. ಅಲ್ಲಿ ಬದುಕುತ್ತಿದ್ದ ಸುಮಾರು ಐವತ್ತು ಲಕ್ಷ ಜನರ ಹೆಸರು ಆ ಪಟ್ಟಿಯಲ್ಲೇ ಇರಲಿಲ್ಲ.

1982ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಬೀಜಿಂಗ್‌ಗೆ ಹೋದರು. ಫಾಕ್‌ಲೆಂಡ್ ಯುದ್ಧ ಗೆದ್ದು ಮೂರೇ ತಿಂಗಳಾಗಿತ್ತು. ಅಫೀಮು ಯುದ್ಧದ ಒಪ್ಪಂದಗಳು ಕಾನೂನುಬದ್ಧ ಎಂದು ಅಲ್ಲಿ ಪಾಠ ಹೇಳಿದರು. ಮನಸ್ಸು ಮಾಡಿದರೆ ಇವತ್ತು ಮಧ್ಯಾಹ್ನವೇ ನುಗ್ಗಿ ತೆಗೆದುಕೊಳ್ಳಬಲ್ಲೆವು ಎಂಬರ್ಥದ ಉತ್ತರ ಡೆಂಗ್‌ರಿಂದ ಬಂತು. ಹೊರಬರುವಾಗ ಥ್ಯಾಚರ್ ಮಹಾ ಸಭಾಭವನದ ಮೆಟ್ಟಿಲಲ್ಲಿ ಎಡವಿದರು. ಟೀವಿಯಲ್ಲಿ ಊರೆಲ್ಲ ನೋಡಿತು. ಅವರು ಎದ್ದು ನಿಂತರು. ಹಾಂಗ್‌ಕಾಂಗ್‌ನ ಷೇರುಪೇಟೆ ಏಳಲಿಲ್ಲ.

ಮರುವರ್ಷ ಎರಡೂ ಸರ್ಕಾರಗಳ ಮಾತುಕತೆ ಹದಗೆಟ್ಟಾಗ ಜನ ಉತ್ತರ ಕೊಟ್ಟೇಬಿಟ್ಟರು. ಕೈಯಲ್ಲಿ ಮತಪತ್ರ ಇರಲಿಲ್ಲ, ನೋಟು ಇತ್ತು. 1983ರ ಸೆಪ್ಟೆಂಬರ್ 24ರ ಶನಿವಾರ ಹಾಂಗ್‌ಕಾಂಗ್ ಡಾಲರ್ ಕುಸಿದು, ಒಂದು ಅಮೆರಿಕನ್ ಡಾಲರ್‌ಗೆ 9.6ರ ಆಸುಪಾಸಿಗೆ ಹೋಯಿತು. ಅಂಗಡಿಯ ಕಪಾಟುಗಳು ಖಾಲಿಯಾದವು. ಎರಡೂ ಸರ್ಕಾರಗಳ ಭರವಸೆಗಿಂತ ಮನೆಯಲ್ಲಿರುವ ಅಕ್ಕಿಚೀಲ ಗಟ್ಟಿ ಎಂದು ಗೃಹಿಣಿಯರು ತೀರ್ಪು ಕೊಟ್ಟರು.

ಅಕ್ಟೋಬರ್ 17ರಂದು ಸರ್ಕಾರ ತನ್ನ ಡಾಲರನ್ನು 7.80ಕ್ಕೆ ಗೂಟಕ್ಕೆ ಕಟ್ಟಿತು. ಯಾವ ಗೂಟ? ಆಳುತ್ತಿದ್ದ ಬ್ರಿಟನ್ನಿನ ಪೌಂಡ್ ಅಲ್ಲ. ಬರಲಿದ್ದ ಚೀನಾದ ಯುವಾನ್ ಅಲ್ಲ. ಅಮೆರಿಕದ ಡಾಲರ್! ಇಬ್ಬರು ಯಜಮಾನರು ಎದೆ ಮುಟ್ಟಿ ‘ನಮ್ಮನ್ನು ನಂಬಿ’ ಎನ್ನುತ್ತಿದ್ದಾಗ ಖಜಾನೆ ಮೂರನೆಯವನನ್ನು ನಂಬಿತು. ಆ ದರ ಇವತ್ತಿಗೂ ಹೆಚ್ಚು ಕಡಿಮೆ ಅಲ್ಲೇ ಇದೆ. ಆ ದಶಕದಲ್ಲಿ ಕೊಟ್ಟ ಮಾತುಗಳಲ್ಲಿ ಅಲುಗಾಡದೆ ಉಳಿದದ್ದು ಇದೊಂದೇ ಇರಬೇಕು.

ಮಾತುಕತೆಯ ಮೇಜಿನಲ್ಲಿ ಹಾಂಗ್‌ಕಾಂಗ್‌ಗೆ ಕುರ್ಚಿ ಇರಲಿಲ್ಲ. ನಾನು ಹಾಂಗ್‌ಕಾಂಗ್ ಜನರನ್ನು ಪ್ರತಿನಿಧಿಸುತ್ತೇನೆ ಎಂದು ಗವರ್ನರ್ ಎಡ್ವರ್ಡ್ ಯೂಡ್ ಹೇಳಿದರು. ಇಲ್ಲ, ನೀವು ಬ್ರಿಟಿಷ್ ನಿಯೋಗದ ಸದಸ್ಯ ಅಷ್ಟೆ ಎಂದಿತು ಬೀಜಿಂಗ್. ಲಂಡನ್ ಕಳಿಸಿದ ಅಧಿಕಾರಿ ಜನರ ಪ್ರತಿನಿಧಿಯಲ್ಲ ಎಂಬುದು ನಿಜವೇ. ಹಾಗಾದರೆ ಜನರ ಪ್ರತಿನಿಧಿ ಯಾರು? ಆ ಪ್ರಶ್ನೆಗೆ ಎರಡೂ ಕಡೆ ಮೌನ. ಮೂರು ಕಾಲಿನ ಪೀಠ ಬೇಡ ಎಂಬುದು ಚೀನಾದ ಪಟ್ಟು. ಎರಡೇ ಕಾಲಿನ ಪೀಠ ನಿಲ್ಲುವುದಿಲ್ಲ ಎಂದು ಯಾವ ಬಡಗಿಯಾದರೂ ಹೇಳುತ್ತಿದ್ದ.

1984ರ ಜೂನ್‌ನಲ್ಲಿ ಗವರ್ನರ್ ಸಲಹಾ ಮಂಡಳಿಯ ಮೂವರು ಬೀಜಿಂಗ್‌ಗೆ ಹೋದರು. ಚುಂಗ್ ಸೆ-ಯುವೆನ್, ಲಿಡಿಯಾ ಡನ್, ಲೀ ಕ್ವೊ-ವೇ. ಇದಕ್ಕೂ ಮೊದಲು ಇದೇ ಮಂಡಳಿಯವರು ಲಂಡನ್ನಿಗೆ ಹೋಗಿ, ನಿಮ್ಮನ್ನು ಆರಿಸಿದವರು ಯಾರು ಎನಿಸಿಕೊಂಡು ಬಂದಿದ್ದರು. ಆರಿಸಲು ಬಿಡದವರೇ ಕೇಳಿದ ಪ್ರಶ್ನೆ ಅದು. ಬೀಜಿಂಗ್‌ನಲ್ಲಿ ಚುಂಗ್ ಮೂರು ಭಯ ಹೇಳಿಕೊಂಡರು. ಆಡಳಿತವೆಲ್ಲ ಬೀಜಿಂಗ್‌ನಿಂದಲೇ ನಡೆದೀತು. ಮೇಲಿನವರು ಒಪ್ಪಿದ್ದನ್ನು ಕೆಳಗಿನ ಅಧಿಕಾರಿಗಳು ಪಾಲಿಸದೆ ಹೋದಾರು. ಮುಂದೆ ಬರುವ ನಾಯಕರು ನೀತಿಯನ್ನೇ ಬದಲಿಸಿಯಾರು.

ಡೆಂಗ್ ಉತ್ತರದ ಸಾರ ಇಷ್ಟು: ನಂಬಿಕೆ ಇಲ್ಲದಿರುವುದು ಜನರಿಗಲ್ಲ, ನಿಮಗೆ.

ಮುಂದಿನದನ್ನು ಕೇಳಿ. ಜನರ ಭಯ ಹೊತ್ತುಕೊಂಡು ಹೋಗಿದ್ದ ಚುಂಗ್ 1997ರಲ್ಲಿ ಹೊಸ ಸರ್ಕಾರದ ಕಾರ್ಯಕಾರಿ ಮಂಡಳಿಯ ಸಂಚಾಲಕರಾಗಿ ಕೂತರು. ಹೊಸ ಹಾಂಗ್‌ಕಾಂಗ್‌ನ ಅತಿ ದೊಡ್ಡ ಪದಕ ಕೊರಳಿಗೆ ಬಿತ್ತು. ಲಿಡಿಯಾ ಡನ್ ಬ್ಯಾರನೆಸ್ ಆಗಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಸೇರಿದರು. ಒಬ್ಬರಿಗೆ ಬರುವ ಯಜಮಾನನ ಪದಕ, ಇನ್ನೊಬ್ಬರಿಗೆ ಹೋಗುವ ಯಜಮಾನನ ಪೀಠ. ಮೂರು ಭಯಗಳು ಮಾತ್ರ ಜನರ ಪಾಲಿಗೆ ಉಳಿದವು. ಮೂರೂ ನಿಜವಾದವು.

1984ರ ಸೆಪ್ಟೆಂಬರ್‌ನಲ್ಲಿ ಒಪ್ಪಂದದ ಕರಡು ಹೊರಬಂತು. ಜನಾಭಿಪ್ರಾಯ ತಿಳಿಯಲು ಬ್ರಿಟನ್ ಒಂದು ಮೌಲ್ಯಮಾಪನ ಕಚೇರಿ ತೆರೆಯಿತು. ಏನು ಬೇಕಾದರೂ ಹೇಳಿ, ಒಂದಕ್ಷರವನ್ನೂ ಬದಲಿಸುವುದಿಲ್ಲ. ಇದು ಬೇಡವೆಂದರೆ ಒಪ್ಪಂದವೇ ಇಲ್ಲ, ಆದರೂ ಊರು 1997ಕ್ಕೆ ಚೀನಾಕ್ಕೆ ಹೋಗುತ್ತದೆ. ಊಟ ಮುಗಿಸಿ ಎಲೆ ಎತ್ತಿದ ಮೇಲೆ ಸಾರಿಗೆ ಉಪ್ಪು ಸಾಕೇ ಎಂದು ಕೇಳಿದ ಹಾಗೆ. ಹೆಚ್ಚಿನ ಜನ ಒಪ್ಪಿದ್ದಾರೆ ಎಂದು ಕಚೇರಿ ವರದಿ ಕೊಟ್ಟಿತು. ಬೇರೆ ದಾರಿ ಇಲ್ಲದವನ ನಿಟ್ಟುಸಿರಿಗೂ ಕಡತದಲ್ಲಿ ಒಪ್ಪಿಗೆ ಎಂದೇ ಹೆಸರು.

1984ರ ಡಿಸೆಂಬರ್ 19ರಂದು ಬೀಜಿಂಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಬಿತ್ತು. ಒಂದು ದೇಶ, ಎರಡು ವ್ಯವಸ್ಥೆ. ಉನ್ನತ ಮಟ್ಟದ ಸ್ವಾಯತ್ತತೆ. 50 ವರ್ಷ ಏನೂ ಬದಲಾಗುವುದಿಲ್ಲ. ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ ಎಲ್ಲವೂ ಪಟ್ಟಿಯಲ್ಲಿದ್ದವು. ಚೀನಾದ ಪರವಾಗಿ ಸಹಿ ಹಾಕಿದವರು ಪ್ರಧಾನಿ ಝಾವೋ ಝಿಯಾಂಗ್. 1989ರಲ್ಲಿ ತಿಯಾನನ್ಮೆನ್ ವಿದ್ಯಾರ್ಥಿಗಳ ಮೇಲೆ ಸೈನ್ಯ ಬಿಡುವುದನ್ನು ವಿರೋಧಿಸಿದ ತಪ್ಪಿಗೆ ಪದಚ್ಯುತರಾಗಿ, 2005ರಲ್ಲಿ ಸಾಯುವವರೆಗೂ ಅವರು ಗೃಹಬಂಧನದಲ್ಲಿದ್ದರು. ಊರೊಂದಕ್ಕೆ 50 ವರ್ಷದ ಸ್ವಾತಂತ್ರ್ಯ ಬರೆದುಕೊಟ್ಟ ಕೈಗೆ ತನ್ನದೇ ಬಾಗಿಲ ಚಿಲಕ ತೆಗೆಯುವ ಸ್ವಾತಂತ್ರ್ಯ ಐದು ವರ್ಷವೂ ಉಳಿಯಲಿಲ್ಲ.

ಇದೆಲ್ಲ ಜನಸಾಮಾನ್ಯರ ನಂಬಿಕೆಯ ಕಥೆ. ದೊಡ್ಡವರ ನಂಬಿಕೆಯ ಕಥೆ ಬೇರೆ.

ಜಾರ್ಡೀನ್ ಮ್ಯಾಥೆಸನ್ ಗೊತ್ತಲ್ಲ? ಅಫೀಮು ಮಾರಿ ಬೆಳೆದ ಕಂಪನಿ. ಹಾಂಗ್‌ಕಾಂಗ್ ಬ್ರಿಟನ್ನಿನ ಕೈಗೆ ಬರಲು ಕಾರಣರಾದವರಲ್ಲಿ ಮೊದಲ ಸಾಲಿನವರು. ಅವರು 1984ರ ಮಾರ್ಚ್‌ನಲ್ಲೇ, ಒಪ್ಪಂದದ ಕರಡು ಹೊರಬರುವ ಮೊದಲೇ, ಕಂಪನಿಯ ಕಾನೂನು ವಿಳಾಸವನ್ನು ಬರ್ಮುಡಾಕ್ಕೆ ಸಾಗಿಸುವುದಾಗಿ ಘೋಷಿಸಿದರು. ಹಾಂಗ್‌ಕಾಂಗ್ ಹೆಸರನ್ನೇ ಹೊತ್ತ ದೊಡ್ಡ ಬ್ಯಾಂಕು ಬ್ರಿಟನ್ನಿನ ಮಿಡ್ಲೆಂಡ್ ಬ್ಯಾಂಕನ್ನು ಕೊಂಡು 1993ರಲ್ಲಿ ಕೇಂದ್ರ ಕಚೇರಿಯನ್ನು ಲಂಡನ್ನಿಗೆ ಒಯ್ದಿತು. ಇವರನ್ನು ಯಾವ ಮೌಲ್ಯಮಾಪನ ಕಚೇರಿಯೂ ಅಭಿಪ್ರಾಯ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಹಣಕ್ಕೆ ಕಾಲುಗಳಿವೆ. ನಂಬಿಕೆ ಇರಬೇಕಾದದ್ದು ಕಾಲಿಲ್ಲದವರಿಗೆ.

ಜನ ಬಾಯಿ ಬಿಟ್ಟಾಗಲೆಲ್ಲ ಏನಾಯಿತು? 1986ರಲ್ಲಿ ಚೆರ್ನೋಬಿಲ್ ಸ್ಫೋಟಿಸಿತು. ಹಾಂಗ್‌ಕಾಂಗ್‌ನ ಪಕ್ಕದ ದಾಯಾ ಬೇಯಲ್ಲಿ ಅಣುಸ್ಥಾವರ ಬೇಡವೆಂದು ಸುಮಾರು ಹತ್ತು ಲಕ್ಷ ಜನ ಸಹಿ ಹಾಕಿದರು. ಸ್ಥಾವರ ಎದ್ದು ನಿಂತಿತು, ಇವತ್ತಿಗೂ ಓಡುತ್ತಿದೆ.

1987ರಲ್ಲಿ ಇನ್ನೊಂದು ಪ್ರಹಸನ. ಮರುವರ್ಷವೇ ನೇರ ಚುನಾವಣೆ ಬೇಕೇ ಬೇಡವೇ ಎಂದು ತಿಳಿಯಲು ಬ್ರಿಟಿಷ್ ಸರ್ಕಾರ ಸಮೀಕ್ಷಾ ಕಚೇರಿ ತೆರೆಯಿತು. ಬೇಕು ಎಂದು ಎರಡು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಬೇಡ ಎಂದು ಅಚ್ಚು ಹಾಕಿದ ಪತ್ರಗಳು ಕಟ್ಟುಕಟ್ಟಾಗಿ ಬಂದವು. ಅಚ್ಚಿನ ಪತ್ರ ಒಂದೊಂದನ್ನೂ ಒಂದೊಂದು ಅಭಿಪ್ರಾಯವೆಂದು ಎಣಿಸಿದರು. ಸಹಿಗಳನ್ನು ಹಾಗೆ ಎಣಿಸಲಿಲ್ಲ. ಜನಾಭಿಪ್ರಾಯ ಹರಿದು ಹಂಚಿಹೋಗಿದೆ ಎಂದು ಷರಾ ಬರೆದು ಚುನಾವಣೆಯನ್ನು 1991ಕ್ಕೆ ತಳ್ಳಿದರು. ಬೀಜಿಂಗ್‌ಗೆ ಬೇಕಾಗಿದ್ದುದೂ ಅದೇ. ಗಣಿತ ಲಂಡನ್ನಿನದು, ಉತ್ತರ ಬೀಜಿಂಗ್‌ನದು.

ಅತ್ತ ಬೀಜಿಂಗ್‌ನಲ್ಲಿ ‘ಮೂಲ ಕಾನೂನು’ ತಯಾರಾಗುತ್ತಿತ್ತು. ಹಾಂಗ್‌ಕಾಂಗ್‌ನ ಕಿರು ಸಂವಿಧಾನ. ಕರಡು ಸಮಿತಿಯ 59 ಮಂದಿಯಲ್ಲಿ ಹಾಂಗ್‌ಕಾಂಗ್‌ನವರು 23, ಚೀನಾದವರು 36. ಸ್ವಾಯತ್ತತೆಯ ಮೊದಲ ಪಾಠ ಕೂಡು ಲೆಕ್ಕದಲ್ಲೇ ಆಯಿತು. 158ನೇ ವಿಧಿಯ ಪ್ರಕಾರ ಈ ಕಾನೂನಿನ ಅರ್ಥ ಹೇಳುವ ಅಂತಿಮ ಅಧಿಕಾರ ಚೀನಾದ ರಾಷ್ಟ್ರೀಯ ಜನತಾ ಕಾಂಗ್ರೆಸ್ಸಿನ ಸ್ಥಾಯಿ ಸಮಿತಿಯದು. ಮಾತು ಕೊಟ್ಟವನೇ ಮಾತಿನ ಅರ್ಥವನ್ನೂ ಹೇಳುತ್ತಾನೆ. ಇಂಥ ಸಾಲಪತ್ರ ಸಿಕ್ಕರೆ ನಾನೂ ಕೋಟಿ ಸಾಲ ಮಾಡುತ್ತೇನೆ.

1989ರ ಮೇ ತಿಂಗಳಲ್ಲಿ ಹತ್ತು ಲಕ್ಷದಷ್ಟು ಜನ ಹಾಂಗ್‌ಕಾಂಗ್‌ನ ಬೀದಿಗಿಳಿದರು. ಪ್ರಜಾಪ್ರಭುತ್ವ ಕೇಳುತ್ತಿದ್ದ ಬೀಜಿಂಗ್‌ನ ವಿದ್ಯಾರ್ಥಿಗಳ ಪರವಾಗಿ. ಜೂನ್ 4ಕ್ಕೆ ತಿಯಾನನ್ಮೆನ್ ಸುತ್ತ ಗುಂಡು ಹಾರಿತು. ಮರುದಿನ ಷೇರು ಸೂಚ್ಯಂಕ ಒಂದೇ ಏಟಿಗೆ ಶೇ 20ಕ್ಕೂ ಹೆಚ್ಚು ಬಿತ್ತು. ಎಂಟು ವರ್ಷದ ನಂತರ ತಮ್ಮನ್ನು ಆಳುವವರು ಯಾರೆಂದು ಊರಿಗೆ ಗೊತ್ತಾಯಿತು.

ಬೀಜಿಂಗ್ ಇದರಿಂದ ಕಲಿತ ಪಾಠ? ಮೂಲ ಕಾನೂನಿನ ಕರಡಿನಿಂದ ಮೊದಲೊಮ್ಮೆ ಕೈಬಿಟ್ಟಿದ್ದ ‘ಕೇಂದ್ರ ಸರ್ಕಾರವನ್ನು ಬುಡಮೇಲು ಮಾಡುವುದು’ ಎಂಬ ಅಪರಾಧವನ್ನು 23ನೇ ವಿಧಿಗೆ ವಾಪಸು ಸೇರಿಸಿತು. ಕರಡು ಸಮಿತಿಯಲ್ಲಿದ್ದ ಮಾರ್ಟಿನ್ ಲೀ ಮತ್ತು ಸೆಟೋ ವಾ ಅವರನ್ನು ಹೊರಹಾಕಿತು. ನಂಬಿಕೆ ಇಲ್ಲವೆಂದು ಜನ ಹೇಳಿದರೆ ಹೇಳಿದ್ದನ್ನೇ ಅಪರಾಧ ಮಾಡಿದರಾಯಿತು. ಜಗತ್ತಿನಲ್ಲಿ ನಂಬಿಕೆ ಹೆಚ್ಚಿಸುವ ಅತಿ ಅಗ್ಗದ ಉಪಾಯ.

ಲಂಡನ್ನಿನ ಉಪಾಯ ದುಬಾರಿಯದು. 1989ರ ಅಕ್ಟೋಬರ್‌ನಲ್ಲಿ ಗವರ್ನರ್ ಡೇವಿಡ್ ವಿಲ್ಸನ್ ಹೊಸ ವಿಮಾನ ನಿಲ್ದಾಣ ಮತ್ತು ಬಂದರಿನ ಮಹಾ ಯೋಜನೆ ಘೋಷಿಸಿದರು. ಅಂದಾಜು 127 ಬಿಲಿಯನ್ ಹಾಂಗ್‌ಕಾಂಗ್ ಡಾಲರ್. ಉದ್ದೇಶ: ಜನರ ನಂಬಿಕೆಯನ್ನು ಮತ್ತೆ ಗಳಿಸುವುದು. ವರ್ಷಕ್ಕೆ ಹತ್ತಾರು ಸಾವಿರ ಜನ ವ್ಯಾಂಕೂವರ್, ಟೊರೊಂಟೊ, ಸಿಡ್ನಿಗೆ ಗಂಟು ಕಟ್ಟುತ್ತಿರುವ ಊರು. ಅವರನ್ನು ಉಳಿಸಿಕೊಳ್ಳಲು ಏನು ಮಾಡಬೇಕು? ಇನ್ನೂ ದೊಡ್ಡ ವಿಮಾನ ನಿಲ್ದಾಣ!

ಖಜಾನೆ ಬರಿದು ಮಾಡಿ ಹೋಗುತ್ತಿದ್ದಾರೆ ಎಂದು ಬೀಜಿಂಗ್ ಅನುಮಾನಪಟ್ಟಿತು. ಅದರ ಒಪ್ಪಿಗೆಗಾಗಿ 1991ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಜಾನ್ ಮೇಜರ್ ಖುದ್ದಾಗಿ ಬೀಜಿಂಗ್‌ಗೆ ಹೋಗಿ ಸಹಿ ಹಾಕಿದರು. ತಿಯಾನನ್ಮೆನ್ ನಡೆದು ಎರಡು ವರ್ಷವಷ್ಟೇ ಆಗಿತ್ತು. ನಿಲ್ದಾಣವನ್ನು 1998ರಲ್ಲಿ ಉದ್ಘಾಟಿಸಿದವರು ಚೀನಾದ ಅಧ್ಯಕ್ಷ ಜಿಯಾಂಗ್ ಝೆಮಿನ್.

ಇನ್ನು ಪಾಸ್‌ಪೋರ್ಟಿನ ವಿಚಾರ. ಇಲ್ಲಿ ಬ್ರಿಟನ್ನಿನ ಮುಖವಾಡ ಪೂರ್ತಿ ಜಾರುತ್ತದೆ.

1981ರ ಪೌರತ್ವ ಕಾಯ್ದೆಯಲ್ಲಿ ಹಾಂಗ್‌ಕಾಂಗ್‌ನವರನ್ನು ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕಿಲ್ಲದ ಬೇರೊಂದು ದರ್ಜೆಗೆ ಸೇರಿಸಿದರು. ಎರಡು ವರ್ಷದ ನಂತರ, ಯುದ್ಧ ಮುಗಿದ ಮೇಲೆ, ಫಾಕ್‌ಲೆಂಡ್ ದ್ವೀಪದವರಿಗೆ ಪೂರ್ಣ ಪೌರತ್ವ ಕೊಟ್ಟರು. ಅಲ್ಲಿ ಸುಮಾರು ಎರಡು ಸಾವಿರ ಜನ, ಬಿಳಿಯರು. ಇಲ್ಲಿ ಐವತ್ತು ಲಕ್ಷದ ಮೇಲೆ, ಚೀನೀಯರು. ಲೆಕ್ಕವನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಮಕಾವ್‌ನಲ್ಲಿ ಪುಟ್ಟ ಪೋರ್ಚುಗಲ್ ಲಕ್ಷದಷ್ಟು ಚೀನೀಯರಿಗೆ ಪೂರ್ಣ ಪೌರತ್ವ ಕೊಟ್ಟಿತ್ತು. ಹಾಂಗ್‌ಕಾಂಗ್‌ನವರ ಕೈಗೆ ಬ್ರಿಟನ್ ಕೊಟ್ಟದ್ದು ‘ಸಾಗರೋತ್ತರ ಬ್ರಿಟಿಷ್ ಪ್ರಜೆ’ ಎಂಬ ಪಾಸ್‌ಪೋರ್ಟು. ಮುಖಪುಟದ ಮೇಲೆ ರಾಣಿಯ ಲಾಂಛನ ಇತ್ತು. ಒಳಗೆ ರಾಣಿಯ ದೇಶಕ್ಕೆ ಹೋಗಿ ನೆಲೆಸುವ ಹಕ್ಕು ಮಾತ್ರ ಇರಲಿಲ್ಲ.

ತಿಯಾನನ್ಮೆನ್ ನಂತರ ಮನಸ್ಸು ಕರಗಿತು. ಎಷ್ಟು? 50 ಸಾವಿರ ಕುಟುಂಬಗಳಷ್ಟು. 1990ರ ಕಾಯ್ದೆಯಂತೆ ಅಂಕ ಕೊಟ್ಟು ಆರಿಸಿದ ಕುಟುಂಬಗಳಿಗೆ ಪೂರ್ಣ ಪೌರತ್ವ. ಅಧಿಕಾರಿಗಳಿಗೆ, ವೃತ್ತಿಪರರಿಗೆ, ವ್ಯವಹಾರಸ್ಥರಿಗೆ ಆದ್ಯತೆ. ಹೊರಡಲು ದಾರಿ ಇದೆ ಎಂಬ ಧೈರ್ಯವಿದ್ದರೆ ಇವರು ಇಲ್ಲೇ ಉಳಿಯುತ್ತಾರೆ ಎಂಬುದು ತರ್ಕ. ತರ್ಕ ಸರಿಯಾಗಿಯೇ ಇತ್ತು. ಹಾಗಾದರೆ ಮಿಕ್ಕವರಿಗೂ ಅದೇ ಧೈರ್ಯ ಕೊಡಬಹುದಿತ್ತಲ್ಲ? ಕೊಡಲಿಲ್ಲ. ಮೀನುಗಾರನ, ಗಾರ್ಮೆಂಟ್ಸ್ ಹೆಂಗಸಿನ ನಂಬಿಕೆ ಅಂಕಪಟ್ಟಿಯಲ್ಲಿ ಬರುವುದಿಲ್ಲ.

ನಮ್ಮವರ ಪಾಡು ಇನ್ನೂ ವಿಚಿತ್ರ. 1841ರ ಜನವರಿ 26ರಂದು ಹಾಂಗ್‌ಕಾಂಗ್‌ನಲ್ಲಿ ಬ್ರಿಟಿಷ್ ಬಾವುಟ ಏರಿತು. ಆ ಬಾವುಟದ ಹಿಂದೆಯೇ ಭಾರತದ ಸಿಪಾಯಿಗಳೂ ಪಾರ್ಸಿ ವರ್ತಕರೂ ಬಂದರು. ಮುಂದೆ ಸಿಖ್ ಪೊಲೀಸರು, ಸಿಂಧಿ ವ್ಯಾಪಾರಿಗಳು ಬಂದರು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಕಟ್ಟಡಕ್ಕೆ ಹಣ ಕೊಟ್ಟವರು ಪಾರ್ಸಿ ವರ್ತಕ ಹೊರ್ಮುಸ್‌ಜಿ ಮೋದಿ. ಇವತ್ತಿಗೂ ಬಂದರು ದಾಟುವ ಸ್ಟಾರ್ ಫೆರಿಯನ್ನು ಶುರು ಮಾಡಿದವರು ದೊರಾಬ್‌ಜಿ ಎಂಬ ಪಾರ್ಸಿ. 1997 ಬಂದಾಗ ಅಲ್ಲೇ ಹುಟ್ಟಿ ಬೆಳೆದ ಸಾವಿರಾರು ಭಾರತೀಯ ಮೂಲದವರಿಗೆ ಚೀನಾದ ಪೌರತ್ವ ಇಲ್ಲ, ಭಾರತದ್ದೂ ಇಲ್ಲ, ಬ್ರಿಟನ್ನಿನದು ಹೆಸರಿಗೆ ಮಾತ್ರ. ವರ್ಷಗಟ್ಟಲೆ ಬೇಡಿದರು. ಹಸ್ತಾಂತರಕ್ಕೆ ಕೆಲವೇ ತಿಂಗಳಿದ್ದಾಗ, 1997ರಲ್ಲಿ, ಪೂರ್ಣ ಪೌರತ್ವದ ಕಾಯ್ದೆ ಬಂತು. ಸಾಮ್ರಾಜ್ಯ ಕಟ್ಟಲು ಕರೆತಂದವರು ನೆನಪಾದದ್ದು ಬಾವುಟ ಮಡಿಸುವ ಹೊತ್ತಿಗೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಒಬ್ಬರು ಬಂದರು. ಕೊನೆಯ ಗವರ್ನರ್ ಕ್ರಿಸ್ ಪ್ಯಾಟನ್. 1992ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಬಾತ್ ಕ್ಷೇತ್ರದ ಮತದಾರರು ಅವರನ್ನು ಸೋಲಿಸಿದ್ದರು. ಮತದಾರರು ಬೇಡವೆಂದವರನ್ನು ಮತಕ್ಕೆ ಬೆಲೆಯಿಲ್ಲದ ಊರಿಗೆ ಕಳಿಸಿದರು. ಬಂದವರು ಐದು ವರ್ಷ ಉಳಿದಿರುವಾಗ ಪ್ರಜಾಪ್ರಭುತ್ವ ವಿಸ್ತರಿಸಲು ಹೊರಟರು. ಆಗಲೂ ಎಷ್ಟು? 1991ರಲ್ಲಿ ಶಾಸನ ಮಂಡಳಿಯ 60 ಸ್ಥಾನಗಳಲ್ಲಿ 18ಕ್ಕೆ ನೇರ ಚುನಾವಣೆ ನಡೆದಿತ್ತು. 1995ರಲ್ಲಿ 20ಕ್ಕೆ. ಉಳಿದವುಗಳ ಮತದಾರರ ಪಟ್ಟಿಯನ್ನು ಹಿಗ್ಗಿಸಿದರು, ಅಷ್ಟೆ. ಇಷ್ಟಕ್ಕೇ ಬೀಜಿಂಗ್ ಅವರನ್ನು ಸಾವಿರ ವರ್ಷ ಕಳೆದರೂ ಕ್ಷಮೆಯಿಲ್ಲದ ಪಾಪಿ ಎಂದಿತು. ಅಫೀಮು ತಂದವರಿಗೂ ಇಷ್ಟು ಬೈಗುಳ ಬಿದ್ದಿರಲಾರದು.

ಬೀಜಿಂಗ್ ಬೈದದ್ದು ಅರ್ಥವಾಗುತ್ತದೆ. ಆದರೆ ಬ್ರಿಟನ್ನಿನದೇ ವ್ಯಾಪಾರಿಗಳು, ನಿವೃತ್ತ ರಾಯಭಾರಿಗಳು ಪ್ಯಾಟನ್ ಮೇಲೆ ಹರಿಹಾಯ್ದರು. ಚೀನಾವನ್ನು ಕೆಣಕಿದರೆ ಜನರ ನಂಬಿಕೆ ಹಾಳಾಗುತ್ತದಂತೆ! ಜನರಿಗೆ ಮತ ಕೊಟ್ಟರೆ ಜನರಿಗೆ ನಂಬಿಕೆ ಹೋಗುತ್ತದೆ ಎಂದು ಜನರ ಪರವಾಗಿ ಹೇಳುವ ಧೈರ್ಯ ವ್ಯಾಪಾರಿಗಳಿಗಷ್ಟೇ ಬರುತ್ತದೆ.

1995ರ ಚುನಾವಣೆಯಲ್ಲಿ ಜನ ಮಾರ್ಟಿನ್ ಲೀಯವರ ಪಕ್ಷವನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಬೀಜಿಂಗ್ ಆ ಸಭೆಯನ್ನೇ ಒಪ್ಪಲಿಲ್ಲ. 400 ಜನರ ಒಂದು ಆಯ್ಕೆ ಸಮಿತಿ ಮಾಡಿತು. 1996ರ ಡಿಸೆಂಬರ್ 11ರಂದು ಆ 400ರಲ್ಲಿ 320 ಜನ ಹಡಗು ಉದ್ಯಮಿ ತುಂಗ್ ಚೀ-ಹ್ವಾ ಅವರನ್ನು ಮುಖ್ಯ ಆಡಳಿತಗಾರರನ್ನಾಗಿ ಆರಿಸಿದರು. ಅದೇ ಸಮಿತಿ ಹಂಗಾಮಿ ಶಾಸನ ಮಂಡಳಿಯನ್ನೂ ಆರಿಸಿತು. ಮತದಾರರು ಸೋಲಿಸಿದ್ದ ಹಲವರು ಅದರಲ್ಲಿ ಗೆದ್ದರು. ಅದು ಸಭೆ ಸೇರುತ್ತಿದ್ದುದು ಗಡಿಯಾಚೆಯ ಷೆನ್‌ಜೆನ್‌ನಲ್ಲಿ. ಹಾಂಗ್‌ಕಾಂಗ್‌ನ ಸ್ವಾಯತ್ತ ಶಾಸನಸಭೆ ಹಾಂಗ್‌ಕಾಂಗ್‌ನ ಹೊರಗೆ ಕೂತು ಅಭ್ಯಾಸ ನಡೆಸಿತು.

ಇಷ್ಟೆಲ್ಲ ಆಗಿಯೂ 1997ರ ಬೇಸಿಗೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಜನರಿಗೆ ಭರವಸೆ ಮೂಡಿದೆ! ಪುರಾವೆ? ಷೇರು ಏರುತ್ತಿದೆ. ಫ್ಲ್ಯಾಟಿನ ಬೆಲೆ ಆಕಾಶಕ್ಕೇರಿದೆ. ಕುದುರೆ ಓಡುತ್ತದೆ, ಕುಣಿತ ನಡೆಯುತ್ತದೆ ಎಂಬ ಡೆಂಗ್‌ರ ಹಳೆಯ ಭರವಸೆ ಎಲ್ಲೆಲ್ಲೂ ಕೇಳುತ್ತಿತ್ತು. ಜೂನ್ 30ರ ಮಳೆಯಲ್ಲಿ ಪ್ಯಾಟನ್ ನೆನೆದರು, ರಾಜಕುಮಾರ ಚಾರ್ಲ್ಸ್ ನೆನೆದರು. ಬ್ರಿಟಾನಿಯಾ ಹಡಗು ಹೊರಟಿತು. ಬೆಳಗಾಗುವಾಗ ಚೀನಾದ ಸೇನೆಯ ಸಾವಿರಾರು ಯೋಧರು ಗಡಿ ದಾಟಿ ಬಂದರು.

ಜುಲೈ 2ರಂದು ಥಾಯ್ಲೆಂಡ್‌ನ ನಾಣ್ಯ ಬಾತ್ ಕುಸಿಯಿತು. ಏಷ್ಯಾದ ಬಿಕ್ಕಟ್ಟು ಹಾಂಗ್‌ಕಾಂಗ್‌ಗೂ ಬಡಿಯಿತು. ಆರೇ ವರ್ಷದಲ್ಲಿ ಮನೆಯ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. ಸ್ವಾಯತ್ತತೆಯ ಆರೋಗ್ಯವನ್ನು ಫ್ಲ್ಯಾಟಿನ ಬೆಲೆಯಲ್ಲಿ ಅಳೆದವರು ಆಮೇಲೆ ಆ ಅಳತೆಗೋಲಿನ ಬಗ್ಗೆ ಮಾತಾಡಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಮೊದಲ ವರ್ಷಗಳಲ್ಲಿ ಆಕಾಶ ಬೀಳಲಿಲ್ಲ. ಪತ್ರಿಕೆಗಳು ಬರೆದವು, ಕೋರ್ಟುಗಳು ತೀರ್ಪು ಕೊಟ್ಟವು. ಜೂನ್ 4ರ ಮೇಣದಬತ್ತಿಗಳು ವರ್ಷವರ್ಷವೂ ಉರಿದವು. 2003ರಲ್ಲಿ 23ನೇ ವಿಧಿಯ ಕಾಯ್ದೆ ತರಲು ಹೊರಟಾಗ ಸುಮಾರು ಐದು ಲಕ್ಷ ಜನ ಬೀದಿಗಿಳಿದರು, ಮಸೂದೆ ವಾಪಸಾಯಿತು. ಅಂದರೆ ಸ್ವಾಯತ್ತತೆ ಉಳಿದದ್ದು ಜನ ನಂಬಿದ್ದರಿಂದಲ್ಲ. ನಂಬದೆ ಬೀದಿಗೆ ಬಂದದ್ದರಿಂದ.

ಇದು ಬೀಜಿಂಗ್‌ಗೂ ಅರ್ಥವಾಯಿತು. 2017ರಲ್ಲಿ ಅದರ ವಿದೇಶಾಂಗ ವಕ್ತಾರರು ಜಂಟಿ ಘೋಷಣೆ ಒಂದು ಐತಿಹಾಸಿಕ ದಾಖಲೆ, ಅದಕ್ಕೀಗ ವಾಸ್ತವದ ಮಹತ್ವವಿಲ್ಲ ಎಂದರು. 50 ವರ್ಷದ ವಾರಂಟಿ ಕೊಟ್ಟವರು 20ನೇ ವರ್ಷಕ್ಕೆ ರಸೀದಿಯನ್ನು ಮ್ಯೂಸಿಯಮ್ಮಿಗೆ ಕಳಿಸಿದರು.

2019ರಲ್ಲಿ ಆರೋಪಿಗಳನ್ನು ಚೀನಾಕ್ಕೆ ಒಪ್ಪಿಸುವ ಮಸೂದೆಯ ವಿರುದ್ಧ ಊರು ಸಿಡಿದೆದ್ದಿತು. ಬೀದಿಯಲ್ಲಿರುವವರು ಬೆರಳೆಣಿಕೆಯ ಪುಂಡರು, ಮೌನವಾಗಿರುವ ಬಹುಸಂಖ್ಯಾತರು ನಮ್ಮ ಕಡೆ ಎಂದು ಸರ್ಕಾರ ನಂಬಿಕೊಂಡಿತ್ತು. ನವೆಂಬರ್‌ನಲ್ಲಿ ಜಿಲ್ಲಾ ಮಂಡಳಿ ಚುನಾವಣೆ ಬಂತು. ಶೇ 71ರಷ್ಟು ಮತದಾನ. ಪ್ರಜಾಪ್ರಭುತ್ವವಾದಿಗಳು 18ರಲ್ಲಿ 17 ಮಂಡಳಿ ಗೆದ್ದರು. ಮೌನವಾಗಿದ್ದ ಬಹುಸಂಖ್ಯಾತರು ಮಾತಾಡಿಬಿಟ್ಟರು. ಇಷ್ಟು ವರ್ಷದಲ್ಲಿ ಸೋಸದೆ, ಬೆರಕೆಯಿಲ್ಲದೆ ಹೊರಬಿದ್ದ ಜನಾಭಿಪ್ರಾಯ ಅದು.

ಉತ್ತರ ಸಿಕ್ಕ ಮೇಲೆ ಮಾಡಬೇಕಾದ್ದು ಏನು? ಪ್ರಶ್ನೆಪತ್ರಿಕೆಯನ್ನೇ ಬದಲಿಸುವುದು. 2020ರ ಜೂನ್ 30ರ ರಾತ್ರಿ 11ಕ್ಕೆ ರಾಷ್ಟ್ರೀಯ ಭದ್ರತಾ ಕಾನೂನು ಜಾರಿಗೆ ಬಂತು. ಜನ ಅದರ ಪೂರ್ಣ ಪಠ್ಯ ನೋಡಿದ್ದು ಆಗಲೇ. 2021ರಲ್ಲಿ ‘ದೇಶಭಕ್ತರಿಗೆ ಮಾತ್ರ’ ಎಂಬ ನಿಯಮ ಬಂತು. ಶಾಸನ ಮಂಡಳಿಯ 90 ಸ್ಥಾನಗಳಲ್ಲಿ ಜನ ನೇರವಾಗಿ ಆರಿಸುವುದು 20. ಮತದಾನ ಶೇ 30ರ ಆಸುಪಾಸಿಗೆ ಬಿತ್ತು. 2023ರ ಜಿಲ್ಲಾ ಮಂಡಳಿಗಳಲ್ಲಿ 470ಕ್ಕೆ 88 ಸ್ಥಾನ ಜನರದು. ಮತದಾನ ಶೇ 27.5.

2021ರ ಆ ಚುನಾವಣೆಗೆ ಮುಂಚೆ ಮುಖ್ಯ ಆಡಳಿತಗಾರ್ತಿ ಕ್ಯಾರಿ ಲ್ಯಾಮ್ ಒಂದು ಮಾತು ಹೇಳಿದ್ದರು. ಸರ್ಕಾರ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ, ಅದರ ಮೇಲೆ ವಿಶ್ವಾಸ ಹೆಚ್ಚಿದ್ದರೆ, ಮತದಾನ ಕಡಿಮೆಯಾಗುತ್ತದೆ ಎಂಬ ಮಾತಿದೆಯಂತೆ. ಅಬ್ಬಾ! ಲಂಡನ್ನಿನ ಸಮೀಕ್ಷಾ ಕಚೇರಿಗೂ ಹೊಳೆಯದ ಗಣಿತ. ಜನ ಬಂದರೆ ಪುಂಡರು, ಬಾರದಿದ್ದರೆ ಭಕ್ತರು. ಒಬ್ಬನೂ ಮತ ಹಾಕದ ದಿನ ಸರ್ಕಾರಕ್ಕೆ ನೂರಕ್ಕೆ ನೂರು.

‘ಒಂದು ದೇಶ, ಎರಡು ವ್ಯವಸ್ಥೆ’ ಎಂಬ ಈ ಸರಕನ್ನು ತೈವಾನಿಗೂ ತೋರಿಸಿದ್ದರು. 2019ರ ಜನವರಿಯಲ್ಲಿ ಷಿ ಜಿನ್‌ಪಿಂಗ್ ಮತ್ತೊಮ್ಮೆ ತೋರಿಸಿದರು. ಆಗ ಅಲ್ಲಿನ ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಅವರ ಪಕ್ಷ ಸ್ಥಳೀಯ ಚುನಾವಣೆಯಲ್ಲಿ ಹೀನಾಯವಾಗಿ ಸೋತು ಕೂತಿತ್ತು. ವರ್ಷಪೂರ್ತಿ ತೈವಾನಿನವರು ಟೀವಿಯಲ್ಲಿ ಹಾಂಗ್‌ಕಾಂಗ್ ನೋಡಿದರು. 2020ರ ಜನವರಿಯಲ್ಲಿ 81 ಲಕ್ಷಕ್ಕೂ ಹೆಚ್ಚು ಮತ ಕೊಟ್ಟು ಅದೇ ತ್ಸಾಯ್ ಅವರನ್ನು ಗೆಲ್ಲಿಸಿದರು. ಬೀಜಿಂಗ್‌ನ ಭರವಸೆಗೆ ಬೆಲೆ ಕಟ್ಟಿದವರು ಅವರೇ. ಹಾಂಗ್‌ಕಾಂಗ್‌ನವರಿಗಿಂತ ಅವರು ಜಾಣರೇನಲ್ಲ. ಅವರ ಊರಲ್ಲಿ ಮತಪೆಟ್ಟಿಗೆ ಇತ್ತು.

ನಾಳೆ ಇನ್ನಾವುದೋ ನಾಡಿಗೆ ಇನ್ನಾರೋ ಸ್ವಾಯತ್ತತೆಯ ಪತ್ರ ಹಿಡಿದು ಬರುತ್ತಾರೆ. 50 ವರ್ಷ ಎನ್ನಬಹುದು, 100 ವರ್ಷ ಎನ್ನಬಹುದು. ವಿಧಿಗಳನ್ನು ಓದುತ್ತಾ ಕೂರಬೇಡಿ. ಒಂದೇ ಪ್ರಶ್ನೆ ಕೇಳಿ: ಈ ಪತ್ರವನ್ನು ಹರಿದವನನ್ನು ಕುರ್ಚಿಯಿಂದ ಇಳಿಸುವ ಅಧಿಕಾರ ನಮಗಿದೆಯೇ? ಇಲ್ಲ ಎಂದರೆ ಸಹಿಯ ಶಾಯಿಯೂ ದಂಡ.